ಬೆಂಚು ಸರಿಸದೆ ಗುಂಪು ಮಾಡುವುದು

ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂದೇ ರೂಮಿನಲ್ಲಿ ನಲವತ್ತಕ್ಕೂ ಜಾಸ್ತಿ ಮಕ್ಕಳು. ತರಬೇತಿಯಲ್ಲಿ ಗುಂಪು ಚಟುವಟಿಕೆ ಮಾಡಿಸಿ ಅಂತಾರೆ, ಆದರೆ ಅಷ್ಟು ಡೆಸ್ಕುಗಳನ್ನು ಎಲ್ಲಿಗೆ ಸರಿಸಬೇಕು ಅಂತ ಯಾರೂ ಹೇಳುವುದಿಲ್ಲ. ನಾನು ಸರಿಸುವುದೇ ಇಲ್ಲ. ಒಂದು ಬಿಟ್ಟು ಒಂದು ಬೆಂಚಿನವರು ಹಿಂದಕ್ಕೆ ತಿರುಗಿ ಕೂರುತ್ತಾರೆ, ಗುಂಪು ಆಯಿತು. ನಾಲ್ಕು ಜನ ಸಾಕು. ಆರು ಜನ ಆದರೆ ಇಬ್ಬರು ಕಿಟಕಿ ನೋಡುತ್ತಾ ಕೂತಿರುತ್ತಾರೆ.

ಈ ಮಕ್ಕಳಿಗೆ ಗುಂಪು ಹೊಸದೇನಲ್ಲ. ಹೆಚ್ಚಿನವರು ಮೂರನೇ ಕ್ಲಾಸಿನವರೆಗೆ ನಲಿ-ಕಲಿಯಲ್ಲಿ ಗುಂಪಾಗಿ ಕೂತು ಕಲಿತವರೇ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಆಮೇಲೆ ಸಾಲಾಗಿ ಕೂರಿಸಿ ಮರೆಸುವವರು ನಾವೇ.

ನಿಜವಾದ ತಲೆನೋವು ಬೇರೆ. ಒಬ್ಬ ಬರೆಯುತ್ತಾನೆ, ಮಿಕ್ಕವರು ನೋಡುತ್ತಾರೆ. ಅದಕ್ಕೇ ನಾನು ಚೀಟಿ ಹಂಚುತ್ತೇನೆ. ಉದಾಹರಣೆಗೆ, ಅರಸೀಕೆರೆಯಿಂದ ಹೊರಟು, ಹಾಸನದಲ್ಲಿ ಬಸ್ಸು ಬದಲಾಯಿಸಿ, 11 ಗಂಟೆಯೊಳಗೆ ಮೈಸೂರು ಮುಟ್ಟಬೇಕು. ಯಾವ ಯಾವ ಬಸ್ಸು ಹಿಡಿಯಬೇಕು? ಒಬ್ಬೊಬ್ಬರ ಚೀಟಿಯಲ್ಲೂ ಎರಡೇ ಬಸ್ಸಿನ ಟೈಮು ಇರುತ್ತದೆ. ಚೀಟಿ ತೋರಿಸುವಂತಿಲ್ಲ, ಬಾಯಲ್ಲೇ ಹೇಳಬೇಕು, ಅದೂ ಇಂಗ್ಲಿಷಿನಲ್ಲಿ. ಯಾವತ್ತೂ ಬಾಯಿ ಬಿಡದ ಹುಡುಗಿಯ ಕೈಯಲ್ಲಿ ಹಾಸನದ ಬಸ್ಸಿದ್ದರೆ ಅವಳನ್ನು ಕೇಳದೆ ವಿಧಿಯಿಲ್ಲ. ‘ವಾಟ್ ಟೈಮ್ ಹಾಸನ್ ಬಸ್?’ ‘ಸಿಕ್ಸ್ ತರ್ಟಿ.’ ಅಷ್ಟೇ ಇರಲಿ ಬಿಡಿ, ಆ ಹೊತ್ತಿನಲ್ಲಿ ನಾನು ತಿದ್ದುವುದಿಲ್ಲ. ಪೂರ್ತಿ ವಾಕ್ಯ ಬೋರ್ಡಿನ ಮೇಲಿರುತ್ತದೆ, ಬೇಕಾದವರು ನೋಡಿ ಹೇಳುತ್ತಾರೆ. ಯಾವ ಬಸ್ಸು ವಾಸಿ ಅಂತ ಜಗಳ ಶುರುವಾದರೆ ಕನ್ನಡ ಬಂದೇ ಬರುತ್ತದೆ. ಬರಲಿ, ಯೋಚನೆ ಮಾಡೋಕೆ ಅದು ಬೇಕು ಅಲ್ವಾ?

ಪೆನ್ನು ಮಾತ್ರ ಜಾಸ್ತಿ ಮಾತಾಡುವವನ ಕೈಗೆ ಕೊಡುತ್ತೇನೆ. ಬರೆಯುವ ಕೆಲಸ ಬಿದ್ದರೆ ಅವನ ಬಾಯಿ ತಾನಾಗಿ ಕಮ್ಮಿಯಾಗುತ್ತದೆ. ಅಕ್ಷರ ಚೆನ್ನಾಗಿರುವವರಿಗೇ ಬರೆಯಲು ಕೊಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ.

ಕೊನೆಗೆ ಉತ್ತರ ಹೇಳುವವರು ಯಾರು ಅಂತ ಮೊದಲೇ ಹೇಳಬಾರದು. ಗುಂಪಿನಲ್ಲಿ ಒಂದರಿಂದ ನಾಲ್ಕು ನಂಬರು ಕೊಟ್ಟಿರುತ್ತೇನೆ, ಟೈಮು ಮುಗಿದ ಮೇಲೆ ‘ಮೂರನೇ ನಂಬರು ಏಳಿ’ ಅನ್ನುತ್ತೇನೆ. ಹಾಗಾಗಿ ಎಲ್ಲರೂ ಪಕ್ಕದವರಿಗೆ ಉತ್ತರ ಕಲಿಸಿಯೇ ಇರುತ್ತಾರೆ.

ಗಲಾಟೆ ಆಗುತ್ತದೆ, ಇಲ್ಲ ಅನ್ನಲ್ಲ. ಪಕ್ಕದ ಕ್ಲಾಸಿನ ಮೇಷ್ಟ್ರಿಗೆ ಮೊದಲೇ ಹೇಳಿಟ್ಟಿರುತ್ತೇನೆ. ನಾನು ಕೈ ಎತ್ತಿದರೆ ನೋಡಿದವರೆಲ್ಲ ಎತ್ತಬೇಕು, ಕೂಗುವುದಕ್ಕಿಂತ ಬೇಗ ಸುಮ್ಮನಾಗುತ್ತಾರೆ. ಪೀರಿಯಡ್ ಮುಗಿಯಲು ಐದು ನಿಮಿಷ ಇರುವಾಗಲೇ ಚೀಟಿ ವಾಪಸ್. ಹಳೇ ಮದುವೆ ಕಾರ್ಡಿನ ಹಿಂಬದಿಯಲ್ಲಿ ಬರೆದ ಚೀಟಿಗಳು, ಬೇಗ ಹರಿಯುವುದಿಲ್ಲ. ಬಿ ಸೆಕ್ಷನ್ನಿಗೂ ಅವೇ ಬೇಕು, ಎಣಿಸಿಕೊಂಡೇ ಹೊರಡುತ್ತೇನೆ.