ಗಂಟೆಗೆ ಎಷ್ಟು ಬತ್ತುತ್ತೆ? ನನ್ನ ಪಾತ್ರೆಯ ಲೆಕ್ಕ

ಮನೆಯಲ್ಲಿ ಮೊದಲ ಸಲ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಪಾನಕ ಕುದಿಸಿದಾಗ 10 ಲೀಟರ್ ಸಿಗಬೇಕಿತ್ತು. ಸಿಕ್ಕಿದ್ದು 8.9. ಸಿಹಿ ಜಾಸ್ತಿ, ಕಹಿಯೂ ಜಾಸ್ತಿ. ಮಾಲ್ಟ್ ಸರಿಯಾಗಿ ತೂಗಿದ್ದೆ, ನೀರು ಅಳೆದಿದ್ದೆ, ಗಡಿಯಾರ ನೋಡಿ ಒಂದು ಗಂಟೆ ಕುದಿಸಿದ್ದೆ. ತಪ್ಪಿದ್ದು ಒಂದೇ ಕಡೆ. ಗಂಟೆಗೆ 2 ಲೀಟರ್ ಆವಿಯಾಗುತ್ತದೆ ಅಂತ ನೀರಿನ ಲೆಕ್ಕ ಹಾಕುವ ಆ್ಯಪ್‌ನಲ್ಲಿ ಮೊದಲೇ ತುಂಬಿಟ್ಟಿದ್ದರು. ಅದು ಯಾರದೋ ಪಾತ್ರೆಯ ಲೆಕ್ಕ, ನನ್ನದಲ್ಲ.

ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ, ಈಗ ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿದ್ದೇನೆ. 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ನಮ್ಮ ರಾಜ್ಯದಲ್ಲಿ ಬಿಯರ್ ಮಾಡುವ ಹಾಗಿಲ್ಲ. ಹಾಗಾಗಿ ನಾನು ವರ್ಟ್ (ಹುದುಗು ಬರಿಸುವ ಮುಂಚಿನ ಸಿಹಿ ಮಾಲ್ಟ್ ರಸ) ತನಕ ಮಾತ್ರ ಹೋಗುತ್ತೇನೆ. ಬಾರ್ಲಿ ಮಾಲ್ಟ್, ಜೊತೆಗೆ ಸ್ವಲ್ಪ ಮೊಳಕೆ ಕಟ್ಟಿದ ರಾಗಿ. ಬಿಸಿನೀರಲ್ಲಿ ನೆನೆಸಿ, ಸೋಸಿ, ಹಾಪ್ಸ್ (ಕಹಿ ಕೊಡುವ ಹೂವು) ಹಾಕಿ ಕುದಿಸುವುದು. ಈಸ್ಟ್ ಹಾಕುವುದಿಲ್ಲ, ಹಾಗಾಗಿ ಮದ್ಯ ಆಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ನಾವು, ನೆಂಟರು, ಪಕ್ಕದ ಮನೆಯವರು ಸೇರಿ ಎರಡು ಮೂರು ದಿನದಲ್ಲಿ ಕುಡಿದು ಮುಗಿಸುತ್ತೇವೆ. ಬಿಯರ್ ಮಾಡುವವರಿಗೂ ಕುದಿಸುವ ತನಕದ ಲೆಕ್ಕ ಇದೇ.

"ಅಗಲ ಪಾತ್ರೆಯಲ್ಲಿಟ್ಟರೆ ಬೇಗ ಬತ್ತುತ್ತೆ ಕಣಪ್ಪ, ಬಸ್ಸಾರಿನ ಕಟ್ಟು ನೋಡಿಲ್ವಾ?" ಅಂದರು ಅಮ್ಮ. ಇಡೀ ವಿಷಯ ಅದರಲ್ಲೇ ಇದೆ. ಎಷ್ಟು ಬತ್ತುತ್ತದೆ ಅನ್ನುವುದನ್ನು ಪಾತ್ರೆಯ ಬಾಯಿ ಮತ್ತು ಉರಿ ತೀರ್ಮಾನಿಸುತ್ತವೆ, ಒಳಗೆ ಎಷ್ಟು ನೀರಿದೆ ಅನ್ನುವುದಲ್ಲ. ನನ್ನ ಪಾತ್ರೆಯಲ್ಲಿ 12 ಲೀಟರ್ ಇದ್ದರೂ 18 ಇದ್ದರೂ ಗಂಟೆಗೆ ಹೋಗುವುದು ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ಶೇಕಡಾ ಲೆಕ್ಕ ಬಿಡಿ. ಗಂಟೆಗೆ ಎಷ್ಟು ಲೀಟರ್ ಅಂತ ಹಿಡಿಯಿರಿ.

ಮೊದಲು ಅಳತೆಗೋಲು ಮಾಡಿಕೊಂಡೆ. ಸ್ಟೀಲ್ ಪಾತ್ರೆಯ ಒಳ ಅಗಲ 32 ಸೆಂಟಿಮೀಟರ್. ಲೆಕ್ಕದ ಪ್ರಕಾರ ಒಂದು ಸೆಂಟಿಮೀಟರ್ ಎತ್ತರಕ್ಕೆ ಸುಮಾರು 0.8 ಲೀಟರ್. ಆದರೆ ತಳದ ಅಂಚು ದುಂಡಗಿದೆ, ಕೆಳಗಡೆ ಈ ಲೆಕ್ಕ ಕೂರುವುದಿಲ್ಲ. ಆದ್ದರಿಂದ ಅಡುಗೆಮನೆ ತಕ್ಕಡಿಯಲ್ಲಿ ಎರಡೆರಡು ಕೆಜಿ ನೀರು ತೂಗಿ ಸುರಿದೆ. ಪ್ರತಿ ಸಲ ಸ್ಟೀಲ್ ಸ್ಕೇಲನ್ನು ಪಾತ್ರೆಯ ಅದೇ ಜಾಗದಲ್ಲಿ ನೆಟ್ಟಗೆ ಹಿಡಿದು ಗುರುತು ಹಾಕಿದೆ. ಒಂದು ಕೆಜಿ ನೀರು ಅಂದರೆ ಒಂದು ಲೀಟರ್. ಪ್ಲಾಸ್ಟಿಕ್ ಜಗ್ಗಿನ ಗೆರೆ ನಂಬಬೇಡಿ. ನನ್ನ ಜಗ್ಗಿನ "1 ಲೀಟರ್" ತೂಗಿದರೆ 1 ಕೆಜಿ 60 ಗ್ರಾಂ ಬಂತು.

ಆಮೇಲೆ ಬರೀ ನೀರು ಕುದಿಸಿದೆ. 12 ಲೀಟರ್ ತಣ್ಣೀರು, ಮುಚ್ಚಳ ಇಲ್ಲ. ಒಲೆಯ ತಿರುಪನ್ನು ಎಲ್ಲಿಗೆ ತಿರುಗಿಸಿದ್ದೇನೆ ಅಂತ ನೇಲ್ ಪಾಲಿಶ್‌ನಿಂದ ಚುಕ್ಕೆ ಇಟ್ಟೆ. ಕೊತಕೊತ ಕುದಿ ಹತ್ತಿದ ಮೇಲೆ ಗಡಿಯಾರ ಶುರು. ಗಂಟೆ ಮುಗಿದಾಗ ಸ್ಕೇಲು ಇಳಿಸಿದರೆ 9.1. ಸರಿ, 2.9 ಹೋಗಿದೆ ಅಂದುಕೊಂಡು ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ 8.7! ರಾತ್ರಿಯೆಲ್ಲ ಮುಚ್ಚಿದ್ದ ನೀರು ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗಿಲ್ಲ. ಕುದಿಯುವ ನೀರು ತಣ್ಣೀರಿಗಿಂತ ಸುಮಾರು 4 ಶೇಕಡಾ ಜಾಸ್ತಿ ಜಾಗ ಹಿಡಿಯುತ್ತದೆ. ತಣ್ಣಗಾದಾಗ ಕುಗ್ಗುತ್ತದೆ. ನಾನು ತಣ್ಣಗಿನ ಅಳತೆಯಿಂದ ಬಿಸಿ ಅಳತೆಯನ್ನು ಕಳೆದಿದ್ದೆ. ಎರಡನೇ ಸಲ ಕುದಿ ಹತ್ತಿದ ಕೂಡಲೇ ಅಳೆದೆ. 12 ಹಾಕಿದ ಪಾತ್ರೆ 12.2 ತೋರಿಸಿತು. ತಣ್ಣಗಿನ ಲೆಕ್ಕಕ್ಕೆ ತರಲು 0.96ರಿಂದ ಗುಣಿಸಿದರೆ 11.7. ಅಂದರೆ ಬಿಸಿಯಾಗುವಾಗಲೇ 0.3 ಲೀಟರ್ ಹೋಗಿತ್ತು. ಆಮೇಲಿನ ಒಂದು ಗಂಟೆಗೆ ಸರಿಯಾಗಿ 3. ಇನ್ನೂ ಎರಡು ಸಲ ಮಾಡಿದೆ: 2.9, 3.1. ಆ್ಯಪ್‌ನಲ್ಲಿ 2 ಅಳಿಸಿ 3 ಹಾಕಿದೆ.

ಥರ್ಮಾಮೀಟರ್ ಬಗ್ಗೆಯೂ ಹೇಳಬೇಕು. ಕುದಿಯುವ ನೀರಲ್ಲಿ ಅದು 97 ಡಿಗ್ರಿಗೇ ನಿಂತಿತ್ತು. ಕೆಟ್ಟಿದೆ ಅಂತ ಎಸೆಯುವುದರಲ್ಲಿದ್ದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಇಲ್ಲಿ 97 ತೋರಿಸಿದರೇ ಸರಿ. ಕರಗುತ್ತಿರುವ ಐಸ್ ನೀರಲ್ಲಿ ಸೊನ್ನೆ ತೋರಿಸಿತು, ಸಮಾಧಾನವಾಯಿತು.

ವರ್ಟ್‌ನಲ್ಲಿ ಎಷ್ಟು ಸಕ್ಕರೆ ಕರಗಿದೆ ಅಂತ ಸಾಂದ್ರತೆ ಅಳೆದು ತೋರಿಸುವ ಹೈಡ್ರೋಮೀಟರ್ ಅಪ್ಪನಿಗೆ ನೋಡಿದ ಕೂಡಲೇ ಗೊತ್ತಾಯಿತು. ಡೇರಿಯಲ್ಲಿ ಹಾಲಿಗೆ ಹಾಕುವ ಲ್ಯಾಕ್ಟೋಮೀಟರಿನ ಅಣ್ಣ ಇದು. ನನ್ನದು 20 ಡಿಗ್ರಿಗೆ ಅಂತ ಬರೆದಿದೆ. ಬೇಸಿಗೆಯಲ್ಲಿ 30 ಡಿಗ್ರಿ ನೀರಿಗೆ ಬಿಟ್ಟರೆ 1.000ದ ಬದಲು 0.997, 0.998 ಹತ್ತಿರ ನಿಲ್ಲುತ್ತದೆ. ಅದಕ್ಕೆ ಸ್ಯಾಂಪಲನ್ನು ಐಸ್ ನೀರಿನ ಮಗ್ಗಿನಲ್ಲಿಟ್ಟು 20ಕ್ಕೆ ಇಳಿಸಿಯೇ ಓದುತ್ತೇನೆ.

ಈಗ ನಿಜವಾದ ಪರೀಕ್ಷೆ, ವರ್ಟ್ ಮೇಲೆ. ನೀರು ಆವಿಯಾಗುತ್ತದೆ, ಸಕ್ಕರೆ ಅಲ್ಲೇ ಉಳಿಯುತ್ತದೆ, ಅಲ್ವಾ? ಹಾಗಾದರೆ ಲೀಟರನ್ನು ಗ್ರಾವಿಟಿಯ (ಹೈಡ್ರೋಮೀಟರ್ ತೋರಿಸುವ ಸಾಂದ್ರತೆಯ) ಕೊನೆಯ ಅಂಕಗಳಿಂದ, ಅಂದರೆ 1.032 ಇದ್ದರೆ 32ರಿಂದ, ಗುಣಿಸಿದರೆ ಮೊದಲೂ ಕೊನೆಗೂ ಒಂದೇ ಬರಬೇಕು. ಕುದಿ ಹತ್ತಿದಾಗ 13 ಲೀಟರ್, 1.032. ಗುಣಿಸಿದರೆ 416. ಗಂಟೆಯ ನಂತರ, ತಣ್ಣಗಿನ ಲೆಕ್ಕದಲ್ಲಿ, 10 ಲೀಟರ್, 1.042. ಗುಣಿಸಿದರೆ 420. ಇಷ್ಟು ಹತ್ತಿರ ಬಂದರೆ ಸಾಕು. ದೂರ ಬಂದರೆ ಸ್ಕೇಲೋ ಹೈಡ್ರೋಮೀಟರೋ ಒಂದು ಸುಳ್ಳು ಹೇಳುತ್ತಿದೆ ಅಂತ ಅರ್ಥ. ಈ ತಾಳೆ ನೋಡುವುದನ್ನು ನಾನು ಯಾವತ್ತೂ ಬಿಡುವುದಿಲ್ಲ.

ಮಾಲ್ಟ್ ಹೀರಿಕೊಳ್ಳುವ ನೀರೂ ಲೆಕ್ಕಕ್ಕೆ ಸೇರಬೇಕು. ಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಹಿಂಡಿದರೆ ನನಗೆ ಕೆಜಿಗೆ 0.7 ಲೀಟರ್ ನಷ್ಟ. 2 ಕೆಜಿ ಮಾಲ್ಟಿಗೆ 1.4. ಕೊನೆಗೆ ಬೇಕಾದ ಹತ್ತು, ಗಂಟೆಗೆ ಬತ್ತುವ ಮೂರು, ಬಿಸಿಯಾಗುವಾಗ ಹೋಗುವ 0.3, ಮಾಲ್ಟಿನ 1.4 ಕೂಡಿಸಿ 14.7 ಲೀಟರ್ ನೀರಿನಿಂದ ಶುರು ಮಾಡುತ್ತೇನೆ.

ನೀರು ಯಾವುದು ಅನ್ನುವುದು ನಮ್ಮ ಕಡೆ ದೊಡ್ಡ ವಿಷಯ. ಇಲ್ಲಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಬತ್ತಿದಷ್ಟೂ ಲೀಟರಿಗೆ ಫ್ಲೋರೈಡ್ ಜಾಸ್ತಿಯಾಗುತ್ತದೆ. 13 ಲೀಟರ್ 10 ಆದರೆ 1.3 ಪಟ್ಟು. ಅದಕ್ಕೆ ಆರ್‌ಒ ಘಟಕದ ಕ್ಯಾನ್ ನೀರು ಮಾತ್ರ.

ಗ್ಯಾಸ್ ಉಳಿಸೋಣ ಅಂತ ಮುಚ್ಚಳ ಹಾಕಬೇಡಿ. ಮಾಲ್ಟಿನಿಂದ ಡೈಮಿಥೈಲ್ ಸಲ್ಫೈಡ್ ಹೊರಡುತ್ತದೆ, ಬೇಯಿಸಿದ ಮೆಕ್ಕೆಜೋಳದ ವಾಸನೆ. ಅದು ಆವಿಯ ಜೊತೆ ಹೊರಗೆ ಹೋಗಲೇಬೇಕು.

ಆಷಾಢದಲ್ಲಿ ಒಂದು ಸಲ ಲೆಕ್ಕ ಕೈಕೊಟ್ಟಿತು. ಹಿತ್ತಲಲ್ಲಿ ಕುದಿಸುತ್ತಿದ್ದೆ. ಗಾಳಿ ಉರಿಯನ್ನು ಪಕ್ಕಕ್ಕೆ ತಳ್ಳಿ, ಗಂಟೆಗೆ ಬರೀ 2.3 ಬತ್ತಿತು. ಪಾನಕ ತೆಳ್ಳಗಾಯಿತು. ಈಗ ಒಲೆಯ ಮೂರು ಕಡೆ ತಗಡು ನಿಲ್ಲಿಸುತ್ತೇನೆ. ಮತ್ತೆ 2.9ಕ್ಕೆ ಬಂದಿದೆ.

ಚಿಂತಾಮಣಿಯಲ್ಲಿರುವ ನನ್ನ ಮಾವನ ಮಗನೂ ಶುರು ಮಾಡುತ್ತಿದ್ದಾನೆ. "ನಿನ್ನ ನಂಬರೇ ಹಾಕ್ಕೊಳ್ಲಾ?" ಅಂತ ಕೇಳಿದ. ಅವನ ಪಾತ್ರೆ 40 ಸೆಂಟಿಮೀಟರ್ ಅಗಲ, ಒಲೆಯೂ ಬೇರೆ. ಸ್ಟೀಲ್ ಸ್ಕೇಲು, ತಕ್ಕಡಿ ಎರಡನ್ನೂ ಕೊಟ್ಟು ಕಳಿಸಿದ್ದೇನೆ. ಈ ಭಾನುವಾರ ಅವನು ಬರೀ ನೀರು ಕುದಿಸುತ್ತಾನೆ.