ಲೀಜಾ ಲೇಮನ್ ಅವರ ಬದುಕನ್ನು ಹಾಡಿನ ಮೂಲಕ ಅರಿಯುವ ಬಗೆ

ಇಂಗ್ಲಿಷ್ ಕಲಾಗೀತೆಗಳ (ಕವಿತೆಗೆ ಸ್ವರ ಕೂಡಿಸಿ, ಸಾಮಾನ್ಯವಾಗಿ ಪಿಯಾನೊದೊಂದಿಗೆ ಹಾಡುವ ಗೀತೆಗಳ) ಸಂಯೋಜಕಿಯೂ ಗಾಯಕಿಯೂ ಆಗಿದ್ದ ಲೀಜಾ ಲೇಮನ್ (1862–1918) ಅವರನ್ನು ಅರಿಯಬಯಸುವವರು ಮನೆತನದ ವಿವರಗಳಿಂದ ಆರಂಭಿಸದೆ, 1896ರ ‘ಇನ್ ಎ ಪರ್ಷಿಯನ್ ಗಾರ್ಡನ್’ ಗೀತಮಾಲೆಯನ್ನೇ ಮೊದಲು ಕೇಳಬೇಕು. ಪರ್ಷಿಯನ್ ಕವಿ ಉಮರ್ ಖಯ್ಯಾಮನ ರುಬಾಯಿಗಳ (ನಾಲ್ಕು ಸಾಲಿನ ಪದ್ಯಗಳ) ಫಿಟ್ಸ್‌ಜೆರಾಲ್ಡ್ ಇಂಗ್ಲಿಷ್ ಅನುವಾದದಿಂದ ಆಯ್ದ ಪದ್ಯಗಳನ್ನು ಇಲ್ಲಿ ನಾಲ್ಕು ಕಂಠಗಳಿಗೆ ಪಿಯಾನೊದೊಂದಿಗೆ ಅಳವಡಿಸಲಾಗಿದೆ. ಮೊದಲ ಸಲ ಪದ್ಯಗಳನ್ನು ಎದುರಿಗಿಟ್ಟುಕೊಂಡು ಕೇಳಿ. ಎರಡನೆಯ ಸಲ, ಟೆನರ್ (ಎತ್ತರದ ಪುರುಷಕಂಠದ ಗಾಯಕ) ಹಾಡುವ ‘ಆ, ಮೂನ್ ಆಫ್ ಮೈ ಡಿಲೈಟ್’ ಭಾಗದಲ್ಲಿ ಸಾಲು ಎಲ್ಲಿ ನೀಳವಾಗುತ್ತದೆ, ಗಾಯಕನಿಗೆ ಉಸಿರೆಳೆದುಕೊಳ್ಳಲು ಎಲ್ಲಿ ಎಡೆ ಸಿಗುತ್ತದೆ ಎಂಬುದನ್ನು ಗಮನಿಸಿ.

ಅನಂತರ ಜೀವನದ ಕಡೆಗೆ ಬನ್ನಿ. 1885ರಲ್ಲಿ ಲಂಡನ್ನಿನ ವೇದಿಕೆಯೇರಿದ ಅವರು ಸುಮಾರು ಒಂಬತ್ತು ವರ್ಷ ಹಾಡಿ, 1894ರಲ್ಲಿ ಹರ್ಬರ್ಟ್ ಬೆಡ್‌ಫೋರ್ಡ್ ಅವರನ್ನು ಮದುವೆಯಾದ ಬಳಿಕ ಗಾಯನವೃತ್ತಿಯಿಂದ ನಿವೃತ್ತರಾದರು. ಹೆಸರು ತಂದ ರಚನೆಗಳು ಬಂದದ್ದು ಆಮೇಲೆಯೇ. ವೇದಿಕೆಯ ಆ ಅನುಭವವೇ ಅವರ ಸಂಯೋಜನೆಗೆ ಬುನಾದಿಯಾಯಿತೆಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಗಾಯಕಿಯನ್ನೂ ಸಂಯೋಜಕಿಯನ್ನೂ ಬೇರೆಬೇರೆಯಾಗಿ ಓದಬೇಡಿ.

1911ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಮಹಿಳಾ ಸಂಗೀತಗಾರರ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷೆ. ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಗಾಯನವನ್ನೂ ಕಲಿಸಿದರು. ಇಷ್ಟನ್ನು ತಿಳಿದುಕೊಂಡ ಮೇಲೆ, ಅವರ ನಿಧನಾನಂತರ 1919ರಲ್ಲಿ ಪ್ರಕಟವಾದ ಆತ್ಮಕಥೆಯನ್ನು, ಅದರಲ್ಲಿ ಹೆಸರಿಸಿರುವ ಹಾಡುಗಳನ್ನು ಆಯಾ ಪುಟದಲ್ಲೇ ನಿಲ್ಲಿಸಿ ಕೇಳುತ್ತಾ, ನಿಧಾನವಾಗಿ ಓದಿ.