ಕೊನೆಗೂ ಪನ್ನೀರು ಇಳಿಯಿತು

ಮಲ್ಲಿಗೆಗೆ ಹೆಸರಾದ ಶಂಕರಪುರದ ಪಕ್ಕ ಕೂತು ಗುಲಾಬಿ ನೆಡುತ್ತೇನೆ ಅಂದಾಗ ಭಾವ ಕೇಳಿದ್ದು ಒಂದೇ ಮಾತು: "ಮಲ್ಲಿಗೆ ಬಿಟ್ಟು ಇದೆಂತ ಮಾರಾಯಾ?" ಈ ಡಿಸೆಂಬರಿನಲ್ಲಿ ಅವರ ಮಗಳ ಮದುವೆಗೆ ಬಾಗಿಲಲ್ಲಿ ಚಿಮುಕಿಸಿದ ಪನ್ನೀರು ನನ್ನ ಹಂಡೆಯದ್ದು. ಗುಲಾಬಿ ಎಸಳನ್ನು ನೀರಿನಲ್ಲಿ ಕುದಿಸಿ, ಆ ಆವಿಯನ್ನು ಕೊಳವೆಯಲ್ಲಿ ತಣಿಸಿ ಇಳಿಸಿದ ನೀರೇ ಪನ್ನೀರು.

ಮೊದಲ ವರ್ಷ 22 ಸಾವಿರದ ಹತ್ತಿರ ಹೋಯಿತು. ತಾಮ್ರದ ಹಂಡೆ, ಸುರುಳಿ ಕೊಳವೆಗೇ 14–15 ಸಾವಿರ. ಪೇಟೆಯ ಉದ್ದ ದಂಟಿನ ಹೂ ತಂದು ಹಾಕಿದೆ. ಬಣ್ಣ ಬಿಟ್ಟರೆ ಅದರಲ್ಲಿ ಏನಿಲ್ಲ, ಸಿಂಪಡಿಸಿದ ಮದ್ದಿನ ವಾಸನೆ ಬೇರೆ. ಘಮ ಇರುವ ಪನ್ನೀರು ಗುಲಾಬಿ ತಳಿಯೇ ಬೇಕು. 150 ಗಿಡ ನೆಟ್ಟೆ, ಮಳೆಗಾಲಕ್ಕೆ 30–40 ಕೊಳೆತವು.

ಒಳ್ಳೆಯ ಹೂ ಸಿಕ್ಕಿದ ಮೇಲೂ ಎರಡು ತಿಂಗಳು ಬಂದದ್ದು ಸೊಪ್ಪು ಬೇಯಿಸಿದ ನೀರು. ಇಳಿಸುವಾಗ ಮನೆಯೆಲ್ಲ ಘಮಘಮ, ನನಗೆ ಖುಷಿ. ತಪ್ಪು ಅಲ್ಲೇ ಇತ್ತು. ಘಮ ಮನೆಗೆ ಬಂತು ಅಂದ್ರೆ ಬಾಟಲಿಗೆ ಹೋಗಲಿಲ್ಲ ಅಂತ ಲೆಕ್ಕ. ಮುಚ್ಚಳದ ಸಂದಿಯಲ್ಲಿ ಅರ್ಧ ಸೋರುತ್ತಿತ್ತು. ಸುರುಳಿ ಮುಳುಗಿದ ಬಕೆಟ್ ಬಿಸಿಯಾಗಿ ಉಳಿದದ್ದೂ ತಣಿಯದೆ ಆವಿಯಾಗಿಯೇ ಹೋಗುತ್ತಿತ್ತು. ಈಗ ಸಂದಿಗೆ ಉದ್ದಿನ ಹಿಟ್ಟು ಮೆತ್ತುತ್ತೇನೆ. ಅದಕ್ಕೆ ಇನ್ನೊಂದು ಸಾಮಾನು ಕಲಸುತ್ತೇನೆ, ಅದು ನನ್ನಲ್ಲೇ ಇರಲಿ. ಬಕೆಟ್ಟಿಗೆ ಬಾವಿ ನೀರು ಹರಿಯುತ್ತಲೇ ಇರಬೇಕು. ಇಳಿದ ನೀರು ಕೈಗೆ ತಣ್ಣಗೆ ತಾಗಬೇಕು. ಹೂ ಬಿಸಿಲು ಬೀಳುವ ಮೊದಲೇ ಕೊಯ್ಯಬೇಕು.

1 ಕೆಜಿ ಎಸಳಿಗೆ 1 ಲೀಟರ್, ಅಲ್ಲಿಗೆ ಬೆಂಕಿ ಆರಿಸುತ್ತೇನೆ. ಹೋದ ಸೀಸನ್ನಿನಲ್ಲಿ 35 ಲೀಟರ್ ಆಯಿತು. ಅರ್ಧ ಲೀಟರ್ 250ರಂತೆ ಹೋಗಿ ಹಂಡೆಯ ದುಡ್ಡು ಬಂತು.

ನಡುವೆ ಒಂದು ಅಟ್ಟೆ (ನಾಲ್ಕು ಚೆಂಡು) ಮಲ್ಲಿಗೆಯನ್ನೂ ಹಂಡೆಗೆ ಹಾಕಿ ನೋಡಿದೆ. ಬಿಸಿಗೆ ಅದರ ಘಮ ಸತ್ತೇ ಹೋಯಿತು. ಆಮೇಲೆ ಎಳ್ಳಿನ ಪದರದ ನಡುವೆ ಹೂ ಇಟ್ಟು, ಒಂದು ವಾರ ಹೂ ಬದಲಿಸುತ್ತಾ ಇದ್ದು, ಆ ಎಳ್ಳನ್ನು ಗಾಣಕ್ಕೆ ಕೊಟ್ಟೆ. ಆ ಎಣ್ಣೆ ತಲೆಗೆ ಹಚ್ಚಿದರೆ ಮರುದಿನವೂ ಘಮ.

ಗುಲಾಬಿ ಎಣ್ಣೆಯ ಆಸೆಯೂ ಇತ್ತು. 1 ಕೆಜಿ ಎಣ್ಣೆಗೆ 3–4 ಟನ್ ಹೂ ಬೇಕು. ಜಹಾಂಗೀರ್ ಬಾದಶಹನ ಆತ್ಮಕಥೆಯಲ್ಲಿ ಒಂದು ಮಾತಿದೆ. ನೂರ್ ಜಹಾನಳ ತಾಯಿ ಬಿಸಿ ಪನ್ನೀರಿನ ಮೇಲೆ ಕಟ್ಟಿದ ಕೆನೆಯನ್ನು ಸ್ವಲ್ಪ ಸ್ವಲ್ಪವೇ ತೆಗೆದು ಅತ್ತರು ಮಾಡಿದರಂತೆ. ನಾನೂ ಇಳಿಸಿದ ನೀರನ್ನೇ ಮತ್ತೆ ಇಳಿಸಿ, ರಾತ್ರಿ ಅಗಲ ತಟ್ಟೆಯಲ್ಲಿ ಇಟ್ಟೆ. ಬೆಳಿಗ್ಗೆ ಮೇಲೆ ತೆಳು ಪೊರೆ! ಇಡೀ ಸೀಸನ್ನಿಗೆ ಸುಮಾರು 3 ಎಂಎಲ್. ಫ್ರಿಜ್ಜಿನಲ್ಲಿ ಹರಳುಗಟ್ಟುತ್ತದೆ, ನಮ್ಮ ಸೆಕೆಗೆ ಹೊರಗಿಟ್ಟ ಕೂಡಲೇ ಕರಗುತ್ತದೆ. ಅದನ್ನು ಮಾರುವುದಿಲ್ಲ.

ಕಣ್ಣಿಗೆ ಹಾಕಲು ಪನ್ನೀರು ಕೇಳುವವರು ಜಾಸ್ತಿ. ಹಳೆ ಮದ್ದಿನಲ್ಲಿ ಹೌದು, ನಮ್ಮ ಅಜ್ಜಿಯೂ ಹಾಕುತ್ತಿದ್ದರು. ಆದರೆ ಅಡುಗೆಮನೆಯಲ್ಲಿ ಬಾಟಲಿಗೆ ತುಂಬಿಸಿದ ನೀರನ್ನು ಕಣ್ಣಿಗೆ ಅಂತ ನಾನು ಯಾರಿಗೂ ಕೊಡುವುದಿಲ್ಲ.